ಲ್ಯಾಪ್‌ಟಾಪ್ ಕಾದು ಆಫ್ ಆಗುತ್ತಿದೆಯಾ? ಮೊದಲು ಫ್ಯಾನಿನ ಸದ್ದು ಕೇಳಿ

ಲ್ಯಾಪ್‌ಟಾಪ್ ಬಿಸಿಯಾಗಿ ತಾನಾಗೇ ಆಫ್ ಆಗುತ್ತಿದ್ದರೆ ತಕ್ಷಣ ಹೊಸ ಫ್ಯಾನ್ ತರಿಸಬೇಡಿ. ನಾನು ಮೊದಲು ಗಾಳಿ ಹೊರಬರುವ ಕಿಂಡಿಗೆ ಅಂಗೈ ಹಿಡಿಯುತ್ತೇನೆ, ಆಮೇಲೆ ಕಿವಿ ಕೊಡುತ್ತೇನೆ. ಸದ್ದು ಜೋರಾಗಿದೆ, ಗಾಳಿ ಮಾತ್ರ ಇಲ್ಲ ಅಂದರೆ ಹೆಚ್ಚಾಗಿ ಧೂಳಿನದೇ ಕಾಟ. ಕರಕರ ಅಂದರೆ ಬೇರಿಂಗ್ ಸವೆದಿರಬಹುದು. ಲ್ಯಾಪ್‌ಟಾಪ್ ಮೈ ಸುಡುತ್ತಿದ್ದರೂ ಸದ್ದೇ ಇಲ್ಲವಾ? ಫ್ಯಾನ್ ತಿರುಗುತ್ತಿಲ್ಲ. ಕೆಲಸ ನಿಲ್ಲಿಸಿ ಆಫ್ ಮಾಡಿ.

ಬಿಚ್ಚುವ ಮುಂಚೆ ಚಾರ್ಜರ್ ತೆಗೆದು ಪೂರ್ತಿ ಆರಲು ಬಿಡಿ. ಹಿಂಬದಿ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ರಿಪೇರಿ ಮಾಡುವವರಿಗೆ ಕೊಡಿ.

ಫ್ಯಾನಿನ ರೆಕ್ಕೆ ಒರೆಸಿ ಮುಗಿಸುವವರೇ ಜಾಸ್ತಿ. ಆದರೆ ಧೂಳು ಗಟ್ಟಿಯಾಗಿ ಕೂರುವುದು ಅದರಾಚೆ, ಚಿಪ್‌ನ ಬಿಸಿ ಹೊರಹಾಕುವ ಹೀಟ್ ಸಿಂಕ್‌ನ ತೆಳು ಲೋಹದ ಪಟ್ಟಿಗಳ ಬಾಯಲ್ಲಿ. ಫ್ಯಾನಿನ ಸ್ಕ್ರೂ ತೆಗೆದು ಎತ್ತಿದರೆ ಬೂದು ಬಣ್ಣದ ಕಂಬಳಿಯಂಥ ಪದರ ಕಾಣುತ್ತದೆ. ಅದನ್ನು ಚಿಮುಟದಿಂದ ಮೆಲ್ಲಗೆ ಎಳೆದು ತೆಗೆಯಿರಿ, ಉಳಿದದ್ದಕ್ಕೆ ಏರ್ ಕ್ಯಾನ್ (ಒತ್ತಿದರೆ ಜೋರಾಗಿ ಗಾಳಿ ಬಿಡುವ ಡಬ್ಬಿ) ಹೊಡೆಯಿರಿ. ಹೊಡೆಯುವಾಗ ರೆಕ್ಕೆಯನ್ನು ಬೆರಳಿಂದ ಹಿಡಿದಿರಲೇಬೇಕು; ಸುಮ್ನೆ ಗರಗರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗಬಹುದು.

ಹೀಟ್ ಸಿಂಕ್ ಎತ್ತಿದರೆ ಚಿಪ್‌ಗೂ ಅದಕ್ಕೂ ನಡುವೆ ಬಿಸಿ ದಾಟಿಸುವ ಹಳೆ ಥರ್ಮಲ್ ಪೇಸ್ಟ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದು ಹಚ್ಚಲೇಬೇಕು. ಎತ್ತದಿದ್ದರೆ ಪೇಸ್ಟ್ ಮುಟ್ಟಬೇಡಿ.

ಇಷ್ಟಾದರೂ ಫ್ಯಾನ್ ತಿರುಗದಿದ್ದರೆ ಅದರ ಕನೆಕ್ಟರ್ ಸಡಿಲವಾಗಿದೆಯಾ ನೋಡಿ. ಗಟ್ಟಿಯಾಗಿದ್ದರೆ ಫ್ಯಾನ್ ಬದಲಿಸುವುದೇ ಸರಿ. ಲ್ಯಾಪ್‌ಟಾಪ್ ಮಾಡೆಲ್ ಒಂದನ್ನೇ ನಂಬಬೇಡಿ, ಫ್ಯಾನ್ ಮೇಲಿನ ಸ್ಟಿಕರ್‌ನಲ್ಲಿರುವ ಪಾರ್ಟ್ ನಂಬರ್ ನೋಡಿಯೇ ತರಿಸಿ.