ಇಂಟರ್‌ಕೂಲರ್‌ಗೆ ಮನೇಲೇ ವಾಟರ್ ಸ್ಪ್ರೇ ಮಾಡ್ಕೊಳ್ಳೋದು: ತೋಟಕ್ಕೆ ಔಷಧಿ ಹೊಡೆಯೋ ಪಂಪೇ ಸಾಕು

ಏಪ್ರಿಲ್ ಮೇ ತಿಂಗಳಲ್ಲಿ ಟರ್ಬೊ ಗಾಡಿ ತಗೊಂಡು ಶಿರಾಡಿ, ಚಾರ್ಮಾಡಿ ಹತ್ತೋರಿಗೆಲ್ಲ ಗೊತ್ತಿರತ್ತೆ, ಕೆಳಗಿಂದ ಹೊರಟಾಗ ಇದ್ದ ಪಿಕಪ್ಪು ಅರ್ಧ ಘಾಟಿ ಹೊತ್ತಿಗೆ ಇರಲ್ಲ. ಮುಂದೆ ಲಾರಿ ಸಾಲು, ಸೆಕೆಂಡ್ ಗೇರಲ್ಲಿ ತೆವಳಿಕೊಂಡು ಹೋಗ್ತಾ ಇರ್ತೀವಿ, ಒಂದು ಗ್ಯಾಪ್ ಸಿಕ್ತು ಅಂತ ಆಕ್ಸಿಲರೇಟರ್ ಒತ್ತಿದ್ರೆ ಗಾಡಿ ಬೇಗ ಎದ್ದೇಳೋದೇ ಇಲ್ಲ. ಇಂಜಿನ್ ಹಾಳಾಗಿಲ್ಲ, ಟರ್ಬೊನೂ ಹೋಗಿಲ್ಲ, ಟರ್ಬೊದಿಂದ ಬರೋ ಬಿಸಿ ಗಾಳೀನ ಇಂಜಿನ್ನಿಗೆ ಹೋಗೋ ಮೊದಲು ತಂಪು ಮಾಡೋ ಇಂಟರ್‌ಕೂಲರ್ ಕಾದು ಕೂತಿದೆ ಅಷ್ಟೇ.

ಲೆಕ್ಕ ಒಂಚೂರು ನೋಡ್ಕೊಳ್ಳಿ, ಆಮೇಲೆ ಏನು ತಗೋಬೇಕು ಅನ್ನೋದು ತಾನೇ ಗೊತ್ತಾಗತ್ತೆ. ಹೊರಗಡೆ 35 ಡಿಗ್ರಿ ಇದ್ದಾಗ ಟರ್ಬೊ 1 ಬಾರ್ ಬೂಸ್ಟ್ ಕೊಟ್ರೆ, ಅಂದ್ರೆ ಗಾಳೀನ ಹೊರಗಿನ ಒತ್ತಡದ ಎರಡರಷ್ಟಕ್ಕೆ ಒತ್ತಿದ್ರೆ, ಗಾಳಿ ಒತ್ತಿಸಿಕೊಂಡಿದ್ದಕ್ಕೇ 120-130 ಡಿಗ್ರಿ ಮುಟ್ಟತ್ತೆ. ಆ ಬಿಸಿ ಗಾಳೀನ ಇಂಟರ್‌ಕೂಲರ್ ಇಳಿಸಬೇಕು, ಇಳಿಸೋಕೆ ಅದರ ಫಿನ್‌ಗಳ (ತೆಳ್ಳನೆ ಲೋಹದ ಪಟ್ಟಿಗಳ) ಮೇಲೆ ತಂಪು ಗಾಳಿ ಓಡ್ತಾ ಇರಬೇಕು, ಗಾಡಿ ಸ್ಪೀಡಲ್ಲಿದ್ರೆ ಸರಿ, ಘಾಟಿಲಿ 15-20ರಲ್ಲಿ ಹೋಗ್ತಾ ಇದ್ರೆ ಗಾಳಿ ಎಲ್ಲಿಂದ ಬರತ್ತೆ. ಒಳಗೆ ಹೋಗೋ ಗಾಳಿ 60 ಡಿಗ್ರಿಯಿಂದ 45ಕ್ಕೆ ಇಳಿದ್ರೆ ಅದರ ಸಾಂದ್ರತೆ ಹತ್ತಿರ ಹತ್ತಿರ ನೂರಕ್ಕೆ 5ರಷ್ಟು ಜಾಸ್ತಿ ಆಗತ್ತೆ. ಪೆಟ್ರೋಲ್ ಟರ್ಬೊದಲ್ಲಿ ನಾಕಿಂಗ್ (ಪೆಟ್ರೋಲ್ ಸರಿಯಾಗಿ ಉರಿಯದೆ ಇಂಜಿನ್ ಬಡ್ಕೊಳ್ಳೋದು) ಕಮ್ಮಿ ಆಗತ್ತೆ, ಅದನ್ನ ತಪ್ಪಿಸೋಕೆ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಕಿಡಿ ಹಾರೋ ಟೈಮಿಂಗ್ ಹಿಂದಕ್ಕೆ ಎಳೆದು ಪವರ್ ಇಳಿಸೋದೂ ಕಮ್ಮಿ. ಡೀಸೆಲ್‌ನಲ್ಲಿ ಹೊಗೆ ಕಮ್ಮಿ, ಎಕ್ಸಾಸ್ಟ್ ಬಿಸಿ ಕಮ್ಮಿ. ಹಾಗಂತ ಎಕ್ಸ್‌ಟ್ರಾ ಪವರ್ ಬರತ್ತೆ ಅಂತ ಅನ್ಕೋಬೇಡಿ, ಬಿಸಿಗೆ ಕಳ್ಕೊಂಡಿದ್ದು ವಾಪಸ್ ಸಿಗತ್ತೆ ಅಷ್ಟೇ, ಘಾಟಿಲಿ ಅಷ್ಟು ಸಿಕ್ರೆ ಸಾಕು.

ಹೀಗೆ ತಂಪು ಮಾಡೋಕೆ ಇಂಟರ್‌ಕೂಲರ್ ಮೇಲೆ ನೀರು ಹೊಡೆಯೋದೇನು ಹೊಸ ಐಡಿಯಾ ಅಲ್ಲ. ಸುಬಾರು ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ, ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಗಾಡಿಗಳಿಗೆ ಕಂಪನಿಯವರೇ ಇಂಟರ್‌ಕೂಲರ್ ಸ್ಪ್ರೇ ಕೊಡ್ತಿದ್ರು, ಡ್ಯಾಶ್‌ಬೋರ್ಡಲ್ಲಿ ಬಟನ್ ಒತ್ತಿದ್ರೆ ಇಂಟರ್‌ಕೂಲರ್ ಮೇಲೆ ನೀರು ಬೀಳೋದು, ಎಸ್‌ಟಿಐನಲ್ಲಿ ನೀರಿನ ಟ್ಯಾಂಕ್ ಡಿಕ್ಕಿಲಿ ಇರೋದು. ನಾವು ಮಾಡೋಕೆ ಹೊರಟಿರೋದೂ ಅದನ್ನೇ, ಸಾಮಾನು ಮಾತ್ರ ನಮ್ಮೂರಿನ ಗೊಬ್ಬರದಂಗಡಿ, ಡ್ರಿಪ್ ಅಂಗಡೀದು.

ಮೊದಲು ನಿಮ್ಮ ಗಾಡಿ ಇಂಟರ್‌ಕೂಲರ್ ಎಂಥದ್ದು ಅಂತ ನೋಡ್ಕೊಳ್ಳಿ, ಯಾಕಂದ್ರೆ ಎಲ್ಲಾ ಗಾಡಿಗೂ ಇದು ಆಗಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾ 1.0 ಟಿಎಸ್‌ಐ ಥರದ ಇಂಜಿನ್‌ಗಳಲ್ಲಿ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹಂಚೋ ಕೊಳವೆ) ಒಳಗೇ ಇರತ್ತೆ, ಕೂಲೆಂಟ್ ಅದನ್ನ ತಂಪು ಮಾಡತ್ತೆ, ಅಲ್ಲಿ ನೀರು ಹೊಡೆಯೋಕೆ ಜಾಗಾನೇ ಇಲ್ಲ. ಬಂಪರ್ ಹಿಂದೆ ಫ್ರಂಟ್ ಮೌಂಟ್ ಇದ್ರೆ ಆಗತ್ತೆ. ಎಲ್ಲಕ್ಕಿಂತ ಜಾಸ್ತಿ ಲಾಭ ಇರೋದು ಬಾನೆಟ್ ಕೆಳಗೆ, ಇಂಜಿನ್ ತಲೆ ಮೇಲೇ ಕೂತಿರೋ ಟಾಪ್ ಮೌಂಟ್‌ಗೆ, ಯಾಕಂದ್ರೆ ಕೆಳಗಿಂದ ಇಂಜಿನ್ ಬಿಸಿ ಪೂರ್ತಿ ಅದಕ್ಕೇ ಬಡಿಯತ್ತೆ. ಹಳೇ ಫಾರ್ಚುನರ್ 3.0 ಇದಕ್ಕೆ ಒಳ್ಳೇ ಉದಾಹರಣೆ, 2009ರಲ್ಲಿ ಬಂದಿದ್ದು, ನಮ್ಮ ಬಿಡದೀಲೇ ಜೋಡಿಸಿದ ಗಾಡಿ, 2982 ಸಿಸಿ ಡೀಸೆಲ್, ಬಾನೆಟ್ ಮೇಲೆ ಸ್ಕೂಪ್ ಇದ್ಯಲ್ಲ ಅದು ಶೋಕಿಗಲ್ಲ, ಇಂಟರ್‌ಕೂಲರ್‌ಗೆ ಗಾಳಿ ಬಿಡೋಕೆ. ಮುಂದಿನ ಲೆಕ್ಕ ಎಲ್ಲ ಆ ಸೈಜಿನ ಇಂಜಿನ್ ಇಟ್ಕೊಂಡೇ ಹೇಳ್ತೀನಿ.

ನೀರು ಹೊಡೆಯೋ ಮೊದಲು ಒಂದು ಕೆಲಸ, ಇದನ್ನ ಬಿಟ್ರೆ ಉಳಿದಿದ್ದೆಲ್ಲ ದಂಡ. ಇಂಟರ್‌ಕೂಲರ್ ಬಿಚ್ಚಿ ಫಿನ್ ಮಧ್ಯೆ ಸೇರಿರೋ ಕೆಂಪು ಧೂಳು, ಹುಳ, ಎಲೆ ಎಲ್ಲ ತೊಳೀರಿ, ಪ್ರೆಷರ್ ವಾಷರ್ ಹತ್ತಿರ ಹಿಡೀಬೇಡಿ, ಫಿನ್ ಮಡಚ್ಕೊಳ್ಳತ್ತೆ. ಒಳಗೆ ಎಣ್ಣೆ ಜಿಡ್ಡು ಇದ್ರೆ ಅದನ್ನೂ ತೆಗೀರಿ. ಹೋಸ್ ಕ್ಲಾಂಪ್ ಲೂಸ್ ಆಗಿದ್ಯಾ, ಹೋಸ್ ಬಿರುಕು ಬಿಟ್ಟಿದ್ಯಾ ನೋಡಿ. ಸ್ಕೂಪ್‌ಗೂ ಇಂಟರ್‌ಕೂಲರ್‌ಗೂ ಮಧ್ಯೆ ಒಂದು ರಬ್ಬರ್ ಸೀಲ್ ಇರತ್ತೆ, ಹಳೇ ಗಾಡಿಗಳಲ್ಲಿ ಅದು ಹರಿದು ಹೋಗಿದ್ರೆ ಗಾಳಿ ಫಿನ್ ಮೂಲಕ ಹೋಗೋ ಬದಲು ಪಕ್ಕದಿಂದ ನುಸುಳಿ ಹೋಗತ್ತೆ. ಎಷ್ಟೋ ಗಾಡಿಗೆ ಇಷ್ಟು ಮಾಡಿದ್ರೇ ಅರ್ಧ ಸಮಸ್ಯೆ ಮುಗೀತು, ಸ್ಪ್ರೇನೇ ಬೇಡ ಅನಿಸಬಹುದು, ಅನಿಸಿದ್ರೆ ಅಲ್ಲಿಗೇ ನಿಲ್ಸಿ, ಒಳ್ಳೇದೇ.

ಈಗ ನೀರಿನ ವಿಷಯ. ಜನ ಇಲ್ಲಿ ತಪ್ಪು ತಿಳ್ಕೊಳ್ಳೋದು ಏನಂದ್ರೆ, ತಣ್ಣೀರು ಬಿದ್ರೆ ತಂಪಾಗತ್ತೆ, ಹಾಗಾದ್ರೆ ಐಸ್ ಹಾಕಿದ್ರೆ ಇನ್ನೂ ತಂಪು ಅಂತ. ತಂಪು ಮಾಡೋದು ನೀರಿನ ತಣುವಲ್ಲ, ಅದು ಆವಿಯಾಗೋದು, ಮಣ್ಣಿನ ಹೂಜಿ ನೀರು ಹೇಗೆ ತಂಪಾಗತ್ತೋ ಹಾಗೆ. ಒಂದು ಕೆಜಿ ನೀರು ಆವಿಯಾಗೋಕೆ ಸುಮಾರು 2400 ಕಿಲೋಜೂಲ್ ಬಿಸಿ ಎಳ್ಕೊಳ್ಳತ್ತೆ, ಅದೇ ಒಂದು ಕೆಜಿ ಐಸ್‌ನಂಥ ತಣ್ಣೀರು ಸೊನ್ನೆಯಿಂದ 50 ಡಿಗ್ರಿಗೆ ಕಾಯೋಕೆ ಬರೀ 210. ಅಂದ್ರೆ ನೂರಕ್ಕೆ ಹತ್ತೂ ಇಲ್ಲ. ಐಸಿಗೆ ದುಡ್ಡು ಹಾಕ್ಬೇಡಿ, ನೀರು ಸಣ್ಣ ಹನಿ ಆಗಿ ಫಿನ್ ಮೇಲೆ ತೆಳ್ಳಗೆ ಕೂರೋ ಹಾಗೆ ಮಾಡೋಕೆ ತಲೆ ಓಡಿಸಿ. ಹನಿ ದಪ್ಪ ಆದಷ್ಟೂ ನೀರು ಆವಿಯಾಗದೆ ಕೆಳಗೆ ತೊಟ್ಟಿಕ್ಕಿ ಹೋಗತ್ತೆ.

ಎಷ್ಟು ನೀರು ಬೇಕು? 3 ಲೀಟರ್ ಡೀಸೆಲ್ ಇಂಜಿನ್ 3000 ಆರ್‌ಪಿಎಂನಲ್ಲಿ ಫುಲ್ ಲೋಡ್ ಇದ್ದಾಗ ಸೆಕೆಂಡಿಗೆ ಹೆಚ್ಚು ಕಮ್ಮಿ 150 ಗ್ರಾಂ ಗಾಳಿ ಕುಡಿಯತ್ತೆ. ಅದನ್ನ 15 ಡಿಗ್ರಿ ಇಳಿಸೋಕೆ ಎರಡೂಕಾಲು ಕಿಲೋವಾಟ್ ಬಿಸಿ ತೆಗೀಬೇಕು, ಅಂದ್ರೆ ನಿಮಿಷಕ್ಕೆ ಬರೀ 60 ಎಂಎಲ್ ನೀರು, ಪೂರ್ತಿ ಆವಿಯಾದ್ರೆ. ಪೂರ್ತಿ ಆಗಲ್ಲ, ಅರ್ಧ ಹಾರಿ ಹೋಗತ್ತೆ ಸೋರಿ ಹೋಗತ್ತೆ ಅಂತ ಇಟ್ಕೊಂಡ್ರೂ 120. ಒಂದು ಟೀ ಗ್ಲಾಸಿನಷ್ಟು ನೀರು ನಿಮಿಷಕ್ಕೆ, ಅಷ್ಟೇ ಬೇಕಾಗಿರೋದು.

ಪಂಪ್ ವಿಷಯಕ್ಕೆ ಬಂದ್ರೆ ತುಂಬಾ ಜನ ವೈಪರ್ ವಾಷರ್ ಪಂಪ್ ಹಾಕ್ತಾರೆ, ಸುಲಭ ನಿಜ, ಆದ್ರೆ ಅದರ ಪ್ರೆಷರ್ ಕಮ್ಮಿ, ನೀರು ಪಿಚಕಾರಿ ಥರ ಬರತ್ತೆ ಮಂಜಿನ ಥರ ಬರಲ್ಲ, ಜೊತೆಗೆ ಪದೇ ಪದೇ ಓಡಿಸೋಕೆ ಮಾಡಿದ್ದೂ ಅಲ್ಲ. ಅಡಿಕೆ ಕಾಫಿ ತೋಟದಲ್ಲಿ ಬೆನ್ನಿಗೆ ಹಾಕ್ಕೊಂಡು ಔಷಧಿ ಹೊಡೆಯೋ ಬ್ಯಾಟರಿ ಸ್ಪ್ರೇಯರ್ ಇದ್ಯಲ್ಲ, ಅದರೊಳಗಿರೋ 12 ವೋಲ್ಟ್ ಡಯಾಫ್ರಂ ಪಂಪ್ ತಗೊಳ್ಳಿ. ಬಿಡಿ ಪಂಪ್ ಸಾವಿರ ರೂಪಾಯಿ ಒಳಗೆ ಸಿಗತ್ತೆ, ಕಾರ್ ಬ್ಯಾಟರಿಗೆ ಸೀದಾ ಹೊಂದತ್ತೆ, ತಾನೇ ನೀರು ಎಳ್ಕೊಳ್ಳತ್ತೆ, ಪ್ರೆಷರ್ ಸ್ವಿಚ್ ಅದರಲ್ಲೇ ಇರತ್ತೆ. ಹೊಸದೇ ತಗೊಳ್ಳಿ, ಔಷಧಿ ಹೊಡೆದ ಹಳೇ ಪಂಪ್ ಬೇಡ, ಆ ವಿಷ ಬಾನೆಟ್ ಒಳಗಿಂದ ಎಸಿ ಗಾಳಿ ಜೊತೆ ನಿಮ್ಮ ಮೂಗಿಗೇ ಬರತ್ತೆ. ಆರ್‌ಓ ಬೂಸ್ಟರ್ ಪಂಪ್ ಹಾಕೋಣ ಅಂದ್ರೆ ಅವು ಸಾಮಾನ್ಯವಾಗಿ 24 ವೋಲ್ಟಿನವು, ಸುಮ್ನೆ ತಲೆನೋವು.

ನಾಝಲ್‌ಗೆ ಡ್ರಿಪ್ ಸಾಮಾನಿನ ಅಂಗಡೀಲಿ ಪಾಲಿಹೌಸ್ ಫಾಗರ್ (ಮಂಜಿನ ಥರ ನೀರು ಬಿಡೋ ಮೂತಿ) ಕೇಳಿ. 4 ಬಾರ್ ಪ್ರೆಷರಲ್ಲಿ ಒಂದು ಮೂತಿ ಗಂಟೆಗೆ 7 ಲೀಟರ್ ಆಸುಪಾಸು ಬಿಡತ್ತೆ, ಅಂದ್ರೆ ನಿಮಿಷಕ್ಕೆ 115-120 ಎಂಎಲ್, ನಮ್ಮ ಲೆಕ್ಕಕ್ಕೆ ಸರಿಯಾಗಿ ಕೂರತ್ತೆ. ಅದರ ಜೊತೆ ಆಂಟಿ ಲೀಕ್ ವಾಲ್ವ್ ಅಂತ ಒಂದು ಸಣ್ಣ ಪೀಸ್ ಬರತ್ತೆ, ಅದನ್ನ ಬಿಡ್ಬೇಡಿ, ಪಂಪ್ ನಿಂತ ಕೂಡ್ಲೇ ನೀರು ನಿಲ್ಲಬೇಕು ಅಂದ್ರೆ ಅದೇ ಬೇಕು. ಫ್ರಂಟ್ ಮೌಂಟ್‌ಗೆ ಈ ಪ್ಲಾಸ್ಟಿಕ್ ಫಾಗರ್ ನಡೆಯತ್ತೆ. ಟಾಪ್ ಮೌಂಟ್‌ಗೆ ಬಾನೆಟ್ ಒಳಗಿನ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗತ್ತೆ, ಅಲ್ಲಿಗೆ 0.3 ಅಥವಾ 0.4 ಎಂಎಂ ತೂತಿನ ಹಿತ್ತಾಳೆ ಮಿಸ್ಟ್ ನಾಝಲ್ ಹಾಕಿ. ಅದರಲ್ಲಿ ಎಷ್ಟು ನೀರು ಬರತ್ತೆ ಅನ್ನೋದನ್ನ ಅಂಗಡಿಯವರ ಮಾತು ನಂಬೋ ಬದಲು ಒಂದು ನಿಮಿಷ ಬಾಟಲಿಗೆ ಹಿಡಿದು ಅಳೀರಿ, ಎಲ್ಲಾ ನಾಝಲ್ ಸೇರಿ 200 ಎಂಎಲ್ ಹತ್ತಿರ ಬಂದ್ರೆ ಸಾಕು.

ಇಲ್ಲೊಂದು ತೊಡಕಿದೆ. ಆ ಪಂಪ್ ನಿಮಿಷಕ್ಕೆ ಲೀಟರ್‌ಗಟ್ಟಲೆ ತಳ್ಳತ್ತೆ, ನಮಗೆ ಬೇಕಾಗಿರೋದು ಗ್ಲಾಸು, ಹಾಗಾಗಿ ಪೈಪ್ ತುಂಬಿದ ಕೂಡ್ಲೇ ಪ್ರೆಷರ್ ಸ್ವಿಚ್ ಕಟ್ ಮಾಡತ್ತೆ, ಮತ್ತೆ ಆನ್, ಮತ್ತೆ ಕಟ್, ಟಕಟಕ ಅಂತ ಬಡ್ಕೊಂಡು ಸ್ವಿಚ್ ಬೇಗ ಸುಟ್ಟೋಗತ್ತೆ. ಪಂಪ್ ಆದ್ಮೇಲೆ ಒಂದು ಟಿ (ಮೂರು ಬಾಯಿಯ ಪೈಪ್ ಜಾಯಿಂಟ್) ಹಾಕಿ, ಒಂದು ಕಾಲು ನಾಝಲ್ ಕಡೆ, ಇನ್ನೊಂದು ಕಾಲು ಸಣ್ಣ ವಾಲ್ವ್ ಮೂಲಕ ವಾಪಸ್ ಟ್ಯಾಂಕಿಗೆ. ಒಂದು ಪ್ರೆಷರ್ ಗೇಜ್ ತಾತ್ಕಾಲಿಕವಾಗಿ ಹಾಕ್ಕೊಂಡು ವಾಲ್ವ್ ತಿರುಗಿಸ್ತಾ 4 ಬಾರ್‌ಗೆ ನಿಲ್ಲಿಸಿ, ಅಲ್ಲಿಗೇ ವಾಲ್ವ್ ಬಿಗಿ ಮಾಡಿ. ಪಂಪ್ ನಿಶ್ಚಿಂತೆಯಾಗಿ ಓಡತ್ತೆ, ನಾಝಲಲ್ಲಿ ಮಂಜೂ ಒಂದೇ ಸಮ ಬರತ್ತೆ.

ಪೈಪ್‌ಗೆ ಡಿಕ್ಕಿಯಿಂದ ಬಾನೆಟ್ ತನಕ ಆರ್‌ಓ ಪೈಪ್ ಆಗತ್ತೆ, ಇಂಜಿನ್ ರೂಮ್ ಒಳಗೆ ಬೇಡ, ಅಲ್ಲಿ ಏರ್ ಲೈನಿಗೆ ಹಾಕೋ 6 ಎಂಎಂ ನೈಲಾನ್ ಪೈಪ್ ಮತ್ತು ಅದರ ಪುಶ್ ಫಿಟ್ಟಿಂಗ್ ಹಾಕಿ. ಬೆಂಗಳೂರಲ್ಲಿ ಇರೋರಿಗೆ ಪೀಣ್ಯದಲ್ಲಿ ಸಿಗತ್ತೆ, ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್), ಟೈಮರ್, ವೈರ್ ಎಲ್ಲ ಎಸ್.ಪಿ. ರೋಡು. ಪಂಪ್ ಮೊದಲು ಒಂದು ಜಾಲರಿ ಫಿಲ್ಟರ್ ಕಡ್ಡಾಯ, 0.3 ಎಂಎಂ ತೂತಿಗೆ ಒಂದು ಮರಳು ಕಣ ಸಿಕ್ರೆ ಕಥೆ ಮುಗೀತು. ಟ್ಯಾಂಕಿಗೆ 5 ಲೀಟರ್ ಕ್ಯಾನ್, ಬೆಳಕು ಹೋಗದೆ ಇರೋ ಬಣ್ಣದ್ದು, ಇಲ್ಲಾಂದ್ರೆ ಪಾಚಿ ಕಟ್ಟತ್ತೆ. ಅದನ್ನ ಬೆಲ್ಟ್ ಹಾಕಿ ಬಿಗೀರಿ, ಜೋರಾಗಿ ಬ್ರೇಕ್ ಹಾಕಿದಾಗ 5 ಕೆಜಿ ಕ್ಯಾನ್ ಹಿಂದಿನ ಸೀಟಲ್ಲಿರೋರ ತಲೆಗೆ ಬರಬಾರದು.

ನೀರು ಯಾವುದು ಅನ್ನೋದನ್ನ ಹಗುರವಾಗಿ ತಗೋಬೇಡಿ. ಕೋಲಾರ ಚಿಕ್ಕಬಳ್ಳಾಪುರ ಕಡೆ ಬೋರ್ ನೀರು ಹೊಡೆದ್ರೆ ಒಂದೇ ಬೇಸಿಗೇಲಿ ಫಿನ್ ಮೇಲೆ ಬಿಳೀ ಪದರ ಕಟ್ಟತ್ತೆ, ಆಮೇಲೆ ಸ್ಪ್ರೇ ಇಲ್ಲದೆ ಇದ್ದಾಗ್ಲೂ ಇಂಟರ್‌ಕೂಲರ್ ಮೊದಲಿಗಿಂತ ಕಳಪೆ ಕೆಲಸ ಮಾಡತ್ತೆ. ಆರ್‌ಓ ಶುದ್ಧ ನೀರು, ಮನೆ ಎಸಿಯಿಂದ ತೊಟ್ಟಿಕ್ಕೋ ನೀರು ಸೋಸಿಕೊಂಡು, ಮಳೆ ನೀರು, ಇವೆಲ್ಲ ಚೆನ್ನಾಗಿರತ್ತೆ. ಆರ್‌ಓ ಮೆಷಿನ್ನಿಂದ ಹೊರಗೆ ಹೋಗೋ ವೇಸ್ಟ್ ನೀರು ಮಾತ್ರ ಬೇಡವೇ ಬೇಡ, ಉಪ್ಪೆಲ್ಲ ಅದರಲ್ಲೇ ಇರತ್ತೆ. ಶಾಂಪೂ, ಗ್ಲಾಸ್ ಕ್ಲೀನರ್ ಬೆರೆಸಬೇಡಿ. ಈ ನೀರು ಹೊರಗಿನ ಫಿನ್‌ಗೆ ಮಾತ್ರ, ಇನ್‌ಟೇಕ್ ಒಳಗೆ ಬಿಡೋ ವಾಟರ್ ಇಂಜೆಕ್ಷನ್ ಬೇರೆಯೇ ಕೆಲಸ, ಎರಡನ್ನೂ ಕಲೆಸ್ಕೋಬೇಡಿ.

ವೈರಿಂಗ್ ಸಿಂಪಲ್, ಆದ್ರೆ ಶಿಸ್ತಾಗಿ ಮಾಡಿ. ಬ್ಯಾಟರಿ ಪ್ಲಸ್‌ನಿಂದ 10 ಆಂಪ್ ಫ್ಯೂಸ್, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರ್ಲಿ, ಅಲ್ಲಿಂದ ರಿಲೇ 30ನೇ ಪಿನ್, 87ರಿಂದ ಪಂಪ್ ಪ್ಲಸ್, ಪಂಪ್ ಮೈನಸ್ ಗಾಡಿಯ ಲೋಹದ ಮೈಗೆ, ಅಂದ್ರೆ ಅರ್ತ್‌ಗೆ. 86ಕ್ಕೆ ಇಗ್ನಿಷನ್ ಆನ್ ಆದಾಗ ಮಾತ್ರ ಬರೋ ಸಪ್ಲೈ ನಿಮ್ಮ ಬಟನ್ ಮೂಲಕ, 85 ಅರ್ತ್. ಸೈಕ್ಲಿಕ್ ಟೈಮರ್ ಮಾಡ್ಯೂಲ್ ಒಂದನ್ನ ಮಧ್ಯೆ ಹಾಕಿ 5 ಸೆಕೆಂಡ್ ಆನ್, 10 ಸೆಕೆಂಡ್ ಆಫ್ ಅಂತ ಸೆಟ್ ಮಾಡಿದ್ರೆ ಇನ್ನೂ ಒಳ್ಳೇದು, ಆ ಹತ್ತು ಸೆಕೆಂಡಲ್ಲೇ ಫಿನ್ ಮೇಲಿನ ನೀರು ಆವಿಯಾಗಿ ನಿಜವಾದ ಕೆಲಸ ಮಾಡೋದು. ಈ ಲೆಕ್ಕದಲ್ಲಿ 5 ಲೀಟರ್ ಒಂದು ಗಂಟೆ ಮೇಲೆ ಬರತ್ತೆ, ಘಾಟಿ ಅಷ್ಟರೊಳಗೆ ಮುಗಿದಿರತ್ತೆ. ಬೂಸ್ಟ್ ಸ್ವಿಚ್ ಹಾಕಿ ಆಟೊಮ್ಯಾಟಿಕ್ ಮಾಡ್ಬಹುದು, ಆದ್ರೆ ಅದಕ್ಕೆ ಬೂಸ್ಟ್ ಪೈಪಿಗೆ ಟಿ ಹಾಕ್ಬೇಕು, ಅಲ್ಲಿ ಲೀಕ್ ಆದ್ರೆ ಹೊಸ ರೋಗ, ನನ್ನ ಕೇಳಿದ್ರೆ ಬಟನ್ನೇ ಸಾಕು. ವಾರಂಟಿ ಇರೋ ಗಾಡಿಗೆ ಕೈ ಹಾಕೋ ಮೊದಲು ಯೋಚನೆ ಮಾಡಿ, ವೈರ್ ಕಟ್ ಮಾಡಿದ್ದು ಕಂಡ್ರೆ ಕ್ಲೇಮ್ ತಳ್ಳಿ ಹಾಕೋಕೆ ಅದೇ ನೆಪ ಆಗತ್ತೆ.

ನಾಝಲ್ ಕೂರಿಸೋದು ಫಿನ್‌ನಿಂದ 10-15 ಸೆಂಟಿಮೀಟರ್ ದೂರ, ಗಾಳಿ ಬರೋ ಕಡೆಯಿಂದ. ಟಾಪ್ ಮೌಂಟ್‌ನಲ್ಲಿ ಅಷ್ಟು ಜಾಗ ಸಿಗದೆ ಇರಬಹುದು, ಆಗ ಸ್ಕೂಪ್ ಡಕ್ಟಿನ ಮುಂಭಾಗದಲ್ಲಿ ಓರೆಯಾಗಿ ಕೂರಿಸಿ, ಗಾಳಿನೇ ಮಂಜನ್ನ ಎಳ್ಕೊಂಡು ಹೋಗತ್ತೆ. ಫಿಕ್ಸ್ ಮಾಡೋ ಮೊದಲು ಗಾಡಿ ನಿಲ್ಸಿ, ಇಂಜಿನ್ ಪೂರ್ತಿ ತಣ್ಣಗಿದ್ದಾಗ ಸ್ಪ್ರೇ ಬಿಟ್ಟು ಟಾರ್ಚ್ ಹಾಕಿ ನೋಡಿ, ಕೆಳಗೆ ನೀರು ಎಲ್ಲೆಲ್ಲಿ ಇಳೀತಿದೆ ಅಂತ. ಟರ್ಬೊ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಒಂದು ಹನಿನೂ ಬೀಳಬಾರದು, ಕೆಂಪಗೆ ಕಾದಿರೋ ಎರಕದ ಮೇಲೆ ನೀರು ಬಿದ್ರೆ ಬಿರುಕು ಬಿಡೋ ಅಪಾಯ ಇದೆ. ಆಲ್ಟರ್ನೇಟರ್, ಇಂಜೆಕ್ಟರ್ ಕನೆಕ್ಟರ್ ಕಡೆನೂ ಹೋಗಬಾರದು. ಹೋಗ್ತಾ ಇದ್ರೆ ನಾಝಲ್ ಜಾಗ ಬದಲಾಯಿಸಿ, ಇಲ್ಲ ಅಲ್ಯೂಮಿನಿಯಂ ಶೀಟಲ್ಲಿ ಸಣ್ಣ ತಟ್ಟೆ ಮಾಡಿ ನೀರು ಪಕ್ಕಕ್ಕೆ ಇಳಿಯೋ ಹಾಗೆ ಮಾಡಿ. ಈ ಒಂದು ಪರೀಕ್ಷೆ ಪಾಸ್ ಆಗೋ ತನಕ ಗಾಡಿ ರೋಡಿಗೆ ತರಬೇಡಿ.

ಕೆಲಸ ಮಾಡ್ತಿದ್ಯಾ ಅಂತ ತಿಳ್ಕೊಳ್ಳೋಕೆ ಓಬಿಡಿ ಸ್ಕ್ಯಾನರ್ (ಗಾಡಿಯ ಸೆನ್ಸರ್ ರೀಡಿಂಗ್ ತೋರಿಸೋ ಸಾಧನ) ಹಾಕಿ ಇನ್‌ಟೇಕ್ ಟೆಂಪರೇಚರ್ ನೋಡ್ತೀವಿ ಅಂತಾರೆ, ಸರಿ, ಆದ್ರೆ ಯಾವ ಸೆನ್ಸರ್ ಅಂತ ನೋಡ್ಕೊಳ್ಳಿ. ಏರ್ ಫಿಲ್ಟರ್ ಪಕ್ಕ ಇರೋ ಮಾಸ್ ಏರ್‌ಫ್ಲೋ ಸೆನ್ಸರ್ ತೋರಿಸೋದು ಟರ್ಬೊಗಿಂತ ಮುಂಚಿನ ಗಾಳಿ, ನೀವು ಎಷ್ಟು ನೀರು ಹೊಡೆದ್ರೂ ಆ ನಂಬರ್ ಅಲ್ಲಾಡಲ್ಲ. ಇಂಟರ್‌ಕೂಲರ್ ಆದ್ಮೇಲಿನ ರೀಡಿಂಗ್ ಬೇಕು. ಅದು ಸಿಗದೆ ಇದ್ರೆ ಮಲ್ಟಿಮೀಟರ್ ಜೊತೆ ಬರೋ ಥರ್ಮೋಕಪಲ್ (ಬಿಸಿ ಅಳೆಯೋ ವೈರ್) ತುದೀನ ಇಂಟರ್‌ಕೂಲರ್ ಔಟ್‌ಲೆಟ್ಟಿಗೆ ಟೇಪ್ ಸುತ್ತಿ, ವೈರ್ ಒಳಗೆ ತಂದು ಪಕ್ಕದ ಸೀಟಲ್ಲಿರೋರ ಕೈಗೆ ಮೀಟರ್ ಕೊಡಿ, ಡ್ರೈವ್ ಮಾಡ್ತಾ ನೀವು ನೋಡ್ಬೇಡಿ. ಒಂದೇ ಏರು, ಒಂದೇ ಗೇರು, ಸ್ಪ್ರೇ ಇಲ್ಲದೆ ಒಂದ್ಸಲ, ಹಾಕಿ ಒಂದ್ಸಲ. 10 ಡಿಗ್ರಿ ಆಸುಪಾಸು ಇಳಿದ್ರೆ ಸಿಸ್ಟಮ್ ಚೆನ್ನಾಗಿದೆ ಅಂತ.

ಊರಿಂದ ಊರಿಗೆ ವ್ಯತ್ಯಾಸ ಇರತ್ತೆ. ಕಲಬುರಗಿ ರಾಯಚೂರು ಕಡೆ 40 ಡಿಗ್ರಿ, ತೇವ ನೂರಕ್ಕೆ 20 ಇದ್ದಾಗ ಆವಿಯಾಗೋ ನೀರು 40ರಿಂದ 23 ಡಿಗ್ರಿ ಹತ್ತಿರಕ್ಕೆ ಇಳಿಸಬಲ್ಲದು, ಒಣ ಬಿಸಿಲಿರೋ ಊರಿನವರಿಗೆ ಇದು ವರದಾನ. ಮಂಗಳೂರಲ್ಲಿ 33 ಡಿಗ್ರಿ, ತೇವ 75 ಇದ್ರೆ 29ಕ್ಕಿಂತ ಕೆಳಗೆ ಇಳಿಯಲ್ಲ, ಆದ್ರೂ ಫಿನ್ 60 ಡಿಗ್ರಿ ಕಾದಿರೋದ್ರಿಂದ ಕೆಲಸ ನಡೆಯತ್ತೆ, ಒಣಗೋದು ನಿಧಾನ ಅಷ್ಟೇ, ಆಫ್ ಟೈಮ್ ಸ್ವಲ್ಪ ಜಾಸ್ತಿ ಕೊಡಿ. ಸ್ಪ್ರೇ ಶುರು ಮಾಡೋದೂ ಗಾಡಿ ಸೋತ ಮೇಲಲ್ಲ, ಏರು ಶುರುವಾಗೋ ಮೊದಲ ತಿರುವಿಗೇ ಬಟನ್ ಒತ್ತಿ, ಕಾದ ಅಲ್ಯೂಮಿನಿಯಂ ಇಳಿಸೋದಕ್ಕಿಂತ ಕಾಯದ ಹಾಗೆ ಹಿಡಿಯೋದು ಸುಲಭ.

ಒದ್ದೆ ಫಿನ್‌ಗೆ ಧೂಳು ಬೇಗ ಅಂಟತ್ತೆ, ಹಾಗಾಗಿ ಮಣ್ಣು ರೋಡಲ್ಲಿ ಹೊಡೀಬೇಡಿ, ತಿಂಗಳಿಗೊಮ್ಮೆ ಒಳ್ಳೇ ನೀರಲ್ಲಿ ಫಿನ್ ತೊಳೀರಿ. ಜೂನಲ್ಲಿ ಮಳೆ ಹಿಡಿದ ಮೇಲೆ ಫ್ಯೂಸ್ ತೆಗೆದು, ಕ್ಯಾನ್ ಪೈಪ್ ಎರಡೂ ಖಾಲಿ ಮಾಡಿ, ನಾಝಲ್ ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿ ತೊಳೆದು ಡಬ್ಬೀಲಿ ಎತ್ತಿಡಿ, ಮತ್ತೆ ಫೆಬ್ರವರಿ ಕೊನೇಲಿ ಹಾಕ್ಕೊಂಡ್ರಾಯ್ತು.