ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿಯ ಪರ ನಿಂತು: ನನ್ನ ಅನುಭವ

ಬೆಳಗಾವಿಯ ಸೆಷನ್ಸ್ ನ್ಯಾಯಾಲಯದಲ್ಲಿ ಆರೋಪಿಗಳ ಪರ ವಕಾಲತ್ತು ವಹಿಸುವ ನನ್ನ ಬಳಿ ಇಂಥ ಪ್ರಕರಣ ಬಂದಾಗ, ಕಕ್ಷಿದಾರನ ಮನೆಯವರ ಮೊದಲ ಮಾತು ಬಹುಮಟ್ಟಿಗೆ ಒಂದೇ: “ಸಾಹೇಬ್ರ, ಆಕಿ ನಡತಿ ಬಗ್ಗೆ ಕೇಳ್ರಿ.” ನಾನು ಕೇಳುವುದಿಲ್ಲ. ಸಮ್ಮತಿ ಇತ್ತೋ ಇಲ್ಲವೋ ಎಂಬುದೇ ವಿವಾದವಾಗಿರುವಾಗ ನೊಂದವಳ ಚಾರಿತ್ರ್ಯವನ್ನಾಗಲಿ ಹಿಂದಿನ ಸಂಬಂಧಗಳನ್ನಾಗಲಿ ಪಾಟೀ ಸವಾಲಿನಲ್ಲಿ ಕೆದಕುವಂತಿಲ್ಲವೆಂದು ಹಳೆಯ ಸಾಕ್ಷ್ಯ ಕಾಯ್ದೆಗೆ ತಂದ 2013ರ ತಿದ್ದುಪಡಿ ಸ್ಪಷ್ಟಪಡಿಸಿತ್ತು. ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿರ್ಬಂಧ ಉಳಿದಿದೆ. ಕಾನೂನಿನ ಮಾತು ಹಾಗಿರಲಿ, ಚಾರಿತ್ರ್ಯಕ್ಕೆ ಕೈಹಾಕಿದ ವಕೀಲರ ಬತ್ತಳಿಕೆ ಬರಿದಾಗಿದೆಯೆಂದು ನ್ಯಾಯಾಧೀಶರಿಗೆ ಅರ್ಥವಾಗಲು ತಡವಾಗುವುದಿಲ್ಲ.

ಪ್ರತ್ಯಕ್ಷದರ್ಶಿಗಳಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ನೊಂದವಳ ಸಾಕ್ಷ್ಯ ನಂಬಲರ್ಹವಾಗಿದ್ದರೆ ಅದೊಂದೇ ಸಾಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ದೂರು, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ವೈದ್ಯರೆದುರು ಹೇಳಿದ ವಿವರ ಈ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುತ್ತೇನೆ. ದೂರಿನಲ್ಲಿ ಸಂಜೆ 7.15 ಎಂದಿದ್ದು, ಸಾಕ್ಷಿಕಟ್ಟೆಯಲ್ಲಿ ಆಕೆ “ಹೊತ್ತು ಮುಳುಗಿತ್ತು” ಎಂದರೆ ಅದನ್ನು ಹಿಡಿದು ಜಗ್ಗುವುದಿಲ್ಲ; ಕಬ್ಬಿನ ಹೊಲದಿಂದ ಮರಳುವವರು ಗಡಿಯಾರ ನೋಡಿರುವುದಿಲ್ಲ, 7.15 ಎಂದು ಬರೆದುಕೊಂಡವರು ಠಾಣೆಯವರು. ಮೂರರಲ್ಲಿಯೂ ಇಲ್ಲದ ಇನ್ನೊಬ್ಬ ಆರೋಪಿಯ ಹೆಸರು ನ್ಯಾಯಾಲಯದಲ್ಲಿ ಮೊದಲ ಸಲ ಕೇಳಿಬಂದರೆ ಮಾತ್ರ ಬಿಡುವುದಿಲ್ಲ.

ನನ್ನ ಹೆಚ್ಚಿನ ಸಮಯ ಹೋಗುವುದು ಕಾಗದಗಳ ಮೇಲೆ. ಬಟ್ಟೆಗಳನ್ನು ಪಂಚರ ಸಮಕ್ಷಮ ಜಪ್ತಿ ಮಾಡಿ ಅರಗಿನ ಮುದ್ರೆ ಹಾಕಿದ ದಿನಾಂಕಕ್ಕೂ, ವಿಧಿವಿಜ್ಞಾನ ಪ್ರಯೋಗಾಲಯದವರು ಅದನ್ನು ಸ್ವೀಕರಿಸಿದ ದಿನಾಂಕಕ್ಕೂ ನಡುವೆ ಆ ಪೊಟ್ಟಣ ಎಲ್ಲಿತ್ತು, ಯಾರ ವಶದಲ್ಲಿತ್ತು, ಒಯ್ದ ಪೇದೆಯನ್ನು ಸಾಕ್ಷಿಯಾಗಿ ತಂದಿದ್ದಾರೆಯೇ, ಮುದ್ರೆಯ ಮಾದರಿ ತಾಳೆಯಾಯಿತೆಂದು ವರದಿಯಲ್ಲಿದೆಯೇ ಎಂದು ಒಂದೊಂದಾಗಿ ನೋಡುತ್ತೇನೆ. ಪೋಕ್ಸೊ, ಅಂದರೆ ಹದಿನೆಂಟು ತುಂಬದ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ ಪ್ರಕರಣವಾದರೆ ಹುಡುಗಿಯ ವಯಸ್ಸಿನ ಪ್ರಶ್ನೆಯೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರಕ್ಕೆ ಮೊದಲ ಸ್ಥಾನ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪತ್ರ, ಎರಡೂ ಇಲ್ಲದಿದ್ದಾಗಷ್ಟೇ ಮೂಳೆ ಪರೀಕ್ಷೆ. ನಮ್ಮ ಹಳ್ಳಿಗಳ ಶಾಲಾ ದಾಖಲೆಯಲ್ಲಿ ಎಷ್ಟೋ ಮಕ್ಕಳು ಜೂನ್ 1ರಂದೇ ಹುಟ್ಟಿರುತ್ತಾರೆ! ಆ ದಿನಾಂಕವನ್ನು ಯಾರು ಬರೆಸಿದರು, ಯಾವ ಆಧಾರದ ಮೇಲೆ ಬರೆದುಕೊಂಡರು ಎಂದು ಮುಖ್ಯೋಪಾಧ್ಯಾಯರನ್ನು ಕೇಳುವುದರಿಂದ ಹುಡುಗಿಗೆ ಯಾವ ಅವಮಾನವೂ ಆಗುವುದಿಲ್ಲ. ಆದರೆ ಆರೋಪಿಯ ಮೇಲೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬುದೇ ಆ ಉತ್ತರವನ್ನು ಅವಲಂಬಿಸಿರಬಹುದು.

ಪೋಕ್ಸೊ ಪ್ರಕರಣಗಳಲ್ಲಿ ಮಗುವನ್ನು ವಕೀಲರು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಗಳನ್ನು ನ್ಯಾಯಾಲಯಕ್ಕೆ ಕೊಡಬೇಕು, ನ್ಯಾಯಾಧೀಶರೇ ಮಗುವನ್ನು ಕೇಳುತ್ತಾರೆ. ಕೆಲವು ಹಿರಿಯ ಸಹೋದ್ಯೋಗಿಗಳಿಗೆ ಇದರಿಂದ ಕೈ ಕಟ್ಟಿಹಾಕಿದಂತೆ ಅನಿಸುತ್ತದೆ. ನನಗೆ ಹಾಗನಿಸಿಲ್ಲ. ಬರೆದುಕೊಡುವಾಗ ಪ್ರಶ್ನೆ ತಾನಾಗಿಯೇ ಚಿಕ್ಕದಾಗುತ್ತದೆ, ಒಂದರಲ್ಲಿ ಮೂರನ್ನು ತುರುಕುವ ಚಟ ತಪ್ಪುತ್ತದೆ. ಆರೋಪಿಯ ವಾದವನ್ನು ಮಾತ್ರ ಸಾಕ್ಷಿಯ ಮುಂದಿಡಲೇಬೇಕು. “ಜಮೀನಿನ ತಕರಾರಿನಿಂದ ದೂರು ಕೊಟ್ಟಿದ್ದೀರಿ ಎಂದರೆ ಸರಿಯೇ?” ಎಂದು ವಯಸ್ಕ ಸಾಕ್ಷಿಯನ್ನು ಒಮ್ಮೆ ಕೇಳಿ, “ಸರಿಯಲ್ಲ” ಎಂಬ ಉತ್ತರ ದಾಖಲಾದ ಮೇಲೆ ಅದನ್ನೇ ತಿರುಗಿಸಿ ಮುರುಗಿಸಿ ಕೇಳುವುದಿಲ್ಲ. ತಕರಾರಿನ ಪಹಣಿ, ದಾವೆಯ ಪ್ರತಿಗಳು ಇದ್ದರೆ ಹಾಜರುಪಡಿಸುತ್ತೇನೆ. ಪೊಲೀಸರ ಮುಂದಿನ ಹೇಳಿಕೆಯಲ್ಲಿ ಬಿಟ್ಟುಹೋದ ಸಂಗತಿಗಳನ್ನು ಗುರುತು ಹಾಕಿಟ್ಟುಕೊಂಡು, ತನಿಖಾಧಿಕಾರಿ ಸಾಕ್ಷಿಕಟ್ಟೆಗೆ ಬಂದಾಗ ಅವರ ಬಾಯಿಂದಲೇ ರುಜುವಾತು ಮಾಡಿಸಿಕೊಳ್ಳುತ್ತೇನೆ. ಅಷ್ಟಾಗದಿದ್ದರೆ ಅಂತಿಮ ವಾದದಲ್ಲಿ ಅವುಗಳನ್ನು ಎತ್ತಲು ಬರುವುದಿಲ್ಲ.