ಒಂದಕ್ಷರ ತಪ್ಪಿ ಡಿಸ್ಕ್ ಹೋದಾಗ: ನನ್ನ ಅನುಭವ

ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಮೆಮೊರಿ ಕಾರ್ಡಿನ ಹೆಸರಾದ ಎಸ್‌ಡಿಸಿ ಎಂದು ಟೈಪ್ ಮಾಡಬೇಕಿದ್ದ ಕಡೆ ಹಾರ್ಡ್‌ಡಿಸ್ಕಿನ ಹೆಸರಾದ ಎಸ್‌ಡಿಬಿ ಎಂದು ಹೊಡೆದೆ, ಅಷ್ಟೇ. ಮೆಮೊರಿ ಕಾರ್ಡಿಗೆ ಹೋಗಬೇಕಿದ್ದ ಲಿನಕ್ಸ್ ಇಮೇಜನ್ನು (ಇಡೀ ಡಿಸ್ಕಿನ ಪಡಿಯಚ್ಚಾದ ಫೈಲು), ಇದ್ದದ್ದನ್ನು ಇದ್ದಂತೆಯೇ ನಕಲು ಮಾಡುವ ಡಿಡಿ ಕಮಾಂಡು ನನ್ನ 1 ಟಿಬಿ ಹಾರ್ಡ್‌ಡಿಸ್ಕಿನ ನೆತ್ತಿಗೇ ಬರೆಯತೊಡಗಿತು. ಕಾರ್ಡ್ ರೀಡರಿನ ಬದಲು ಡಿಸ್ಕಿನ ದೀಪ ಮಿನುಗುತ್ತಿದೆಯಲ್ಲ ಎಂದು ಹೊಳೆದು ಕಂಟ್ರೋಲ್-ಸಿ ಒತ್ತುವಷ್ಟರಲ್ಲಿ 1.3 ಜಿಬಿ ಬರೆದಾಗಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಗಾಬರಿಯಲ್ಲಿ ಕೇಬಲ್ ಕಿತ್ತೆ. ಆಗ ಡಿಸ್ಕಿನ ಎರಡನೇ ಪಾರ್ಟಿಷನ್ (ಭಾಗ) ಮೌಂಟ್ ಆಗಿಯೇ ಇತ್ತು, ಅಂದರೆ ಬಳಕೆಗೆ ತೆರೆದೇ ಇತ್ತು. ಹಾಗಿರುವಾಗ ಡಿಸ್ಕಿನ ಮೇಲಿನ ಪಾರ್ಟಿಷನ್ ಟೇಬಲ್ (ಯಾವ ಭಾಗ ಎಲ್ಲಿದೆ ಎಂಬ ಪಟ್ಟಿ) ಅಳಿಸಿಹೋದರೂ ಲಿನಕ್ಸಿನ ತಿರುಳಾದ ಕರ್ನಲ್ ಹಳೆಯದನ್ನೇ ನೆನಪಿನಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಸುಮ್ಮನೆ ಕೂತು ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಬಹುದಿತ್ತು. ಪಾರ್ಟಿಷನ್ ಡಿಸ್ಕಿನ ಯಾವ ಸೆಕ್ಟರಿನಿಂದ (ಪುಟ್ಟ ತುಂಡಿನಿಂದ) ಶುರು, ಎಷ್ಟು ಉದ್ದ ಎನ್ನುವುದನ್ನೂ ಕರ್ನಲ್ಲನ್ನೇ ಕೇಳಿ ಬರೆದಿಟ್ಟುಕೊಳ್ಳಬಹುದಿತ್ತು. ಕೇಬಲ್ ಕಿತ್ತ ಮೇಲೆ ಅದೆಲ್ಲ ಹೋಯಿತು.

ತಲೆ ತಣ್ಣಗಾದ ಮೇಲೆ ಇನ್ನೊಂದು ದೊಡ್ಡ ಡಿಸ್ಕ್ ಹೊಂದಿಸಿಕೊಂಡು, ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಇಮೇಜ್ ತೆಗೆದೆ. ಗಂಟೆಗಟ್ಟಲೆ ಕಾಯಬೇಕಾಯಿತು. ಮುಂದಿನ ಪ್ರಯೋಗವೆಲ್ಲ ಆ ನಕಲಿನ ಮೇಲೆ. ಮೂಲ ಡಿಸ್ಕನ್ನು ಮತ್ತೆ ಮುಟ್ಟಲಿಲ್ಲ.

ನನ್ನ ಡಿಸ್ಕಿನಲ್ಲಿದ್ದದ್ದು ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಟೇಬಲ್. ಹಳೆಯ ಎಂಬಿಆರ್ ಆಗಿದ್ದರೆ ಟೇಬಲ್ಲೆಂದರೆ ಮೊದಲ ಸೆಕ್ಟರಿನಲ್ಲಿ ಕೂತ 64 ಬೈಟು ಮಾತ್ರ, ಹೋದರೆ ಹೋಯಿತು. ಟೆಸ್ಟ್‌ಡಿಸ್ಕ್‌ನಂಥ ಸಾಧನದಿಂದ ಡಿಸ್ಕನ್ನೆಲ್ಲ ಜಾಲಾಡಿ ಪಾರ್ಟಿಷನ್ ಹುಡುಕಬೇಕು. ಜಿಪಿಟಿ ಮಾತ್ರ ಡಿಸ್ಕಿನ ಬಾಲದಲ್ಲಿ ತನ್ನದೇ ಇನ್ನೊಂದು ಪ್ರತಿ ಇಟ್ಟಿರುತ್ತದೆ, ಕೊನೆಯ 33 ಸೆಕ್ಟರುಗಳಲ್ಲಿ. ನಾನು ಹಾಳು ಮಾಡಿದ್ದು ತಲೆಯನ್ನು. ಟೇಬಲ್ ತಿದ್ದುವ ಜಿಡಿಸ್ಕ್‌ನಲ್ಲಿ ಇಮೇಜ್ ತೆರೆದಾಗ, ಎಂಬಿಆರ್ ಒಂದು ಇದೆ, ಕೆಟ್ಟ ಜಿಪಿಟಿಯೂ ಒಂದಿದೆ, ಯಾವುದು ಬೇಕು ಎಂದು ಕೇಳಿತು. ಆ ಎಂಬಿಆರ್ ನಾನೇ ಬರೆದ ಕಾರ್ಡ್ ಇಮೇಜಿನದು. ಜಿಪಿಟಿ ಆರಿಸಿ 'ಪಿ' ಒತ್ತಿದೆ. ಎರಡೂ ಪಾರ್ಟಿಷನ್ ಸಾಲಾಗಿ ಕಂಡವು, ಮೊದಲನೆಯದು 2048ನೇ ಸೆಕ್ಟರಿನಿಂದ. 'ಡಬ್ಲ್ಯೂ' ಒತ್ತಿ ಬರೆಸಿದೆ.

ಎರಡನೇ ಪಾರ್ಟಿಷನ್ ರೀಡ್-ಓನ್ಲಿಯಾಗಿ ಮೌಂಟ್ ಮಾಡಿದ ಕೂಡಲೇ ತೆರೆದುಕೊಂಡಿತು. ಫೋಟೋಗಳೆಲ್ಲ ಅಲ್ಲೇ ಇದ್ದವು. ಕಷ್ಟಪಟ್ಟಿದ್ದು ಮೊದಲನೆಯದಕ್ಕೆ.

ಟೇಬಲ್ ಸರಿಯಾದರೂ ಆ 1.3 ಜಿಬಿಯ ಹೊಡೆತ ಬಿದ್ದದ್ದು ಮೊದಲ ಪಾರ್ಟಿಷನ್ನಿನ ಫೈಲ್‌ಸಿಸ್ಟಂ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಮೇಲೆ. ಅದು ಲಿನಕ್ಸಿನ ಎಕ್ಸ್‌ಟಿ4 ಬಗೆಯದು. ಫೈಲ್‌ಸಿಸ್ಟಂನ ಅಳತೆ, ವಿನ್ಯಾಸ ಬರೆದಿಟ್ಟ ಸೂಪರ್‌ಬ್ಲಾಕ್ ಇಲ್ಲದೆ ಮೌಂಟ್ ಆಗುವುದಿಲ್ಲ. ಅದಕ್ಕೂ ಪ್ರತಿಗಳಿರುತ್ತವೆ: 4 ಕೆಬಿ ಬ್ಲಾಕಿನ ಲೆಕ್ಕದಲ್ಲಿ 32768, 98304, 163840, 229376, 294912, ಆಮೇಲೆ ಒಮ್ಮೆಲೇ 819200. ಫೈಲ್‌ಸಿಸ್ಟಂ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಕಮಾಂಡಿಗೆ ಎಲ್ಲರೂ ಹೇಳುವ 32768 ಕೊಟ್ಟು ನೋಡಿದೆ, ಆಗಲಿಲ್ಲ. ಮುಂದಿನದೂ ಆಗಲಿಲ್ಲ. ಕಾಗದದ ಮೇಲೆ ಗುಣಿಸಿ ನೋಡಿದಾಗ ಗೊತ್ತಾಯಿತು: 294912 ಅಂದರೆ 1152 ಎಂಬಿ. ಅಲ್ಲಿವರೆಗಿನ ಐದೂ ಪ್ರತಿಗಳು ನಾನು ಬರೆದ ಭಾಗದೊಳಗೇ ಸಿಕ್ಕಿಬಿದ್ದಿದ್ದವು. 819200 ಇರುವುದು 3200 ಎಂಬಿಯಲ್ಲಿ. ಅದನ್ನು ಕೊಟ್ಟೆ, ಎಫ್‌ಎಸ್‌ಸಿಕೆ ಓಡಿತು. (ಈ ಸಂಖ್ಯೆಗಳನ್ನು ತಿಳಿಯಲು ಎಂಕೆಇ2ಎಫ್‌ಎಸ್ ಕಮಾಂಡಿಗೆ 'ಎನ್' ಆಯ್ಕೆ ಸೇರಿಸಿ ಓಡಿಸುತ್ತಾರೆ. 'ಎನ್' ಮರೆತರೆ ಅದು ನಿಜವಾಗಿಯೇ ಫಾರ್ಮ್ಯಾಟ್ ಮಾಡಿಬಿಡುತ್ತದೆ. ಆ ಕಮಾಂಡನ್ನು ಮೂರು ಸಲ ಓದಿ ಎಂಟರ್ ಒತ್ತಿದೆ.)

ರೂಟ್ ಡೈರೆಕ್ಟರಿ (ಎಲ್ಲಕ್ಕೂ ಮೇಲಿನ ಫೋಲ್ಡರು) ಹೋಗಿದ್ದರಿಂದ ಉಳಿದದ್ದೆಲ್ಲ, ನೆಲೆ ತಪ್ಪಿದ ಫೈಲುಗಳನ್ನು ಹಾಕುವ ಲಾಸ್ಟ್+ಫೌಂಡ್ ಫೋಲ್ಡರಿನಲ್ಲಿ ಬಂದು ಬಿತ್ತು, #131073ರಂಥ ಹೆಸರಿನಲ್ಲಿ. ಒಳಗೆ ಹೋದರೆ ಫೈಲುಗಳಿಗೆ ಅವುಗಳದೇ ಹೆಸರು. ಹೋದದ್ದು ಮೇಲಿನ ಫೋಲ್ಡರಿನ ಹೆಸರು ಮಾತ್ರ. ಐನೋಡೇ (ಫೈಲು ಡಿಸ್ಕಿನಲ್ಲಿ ಎಲ್ಲಿದೆ ಎಂಬ ದಾಖಲೆ) ಅಳಿಸಿಹೋದ ಫೈಲುಗಳಿಗೆ, ಡಿಸ್ಕನ್ನು ಜಾಲಾಡಿ ಫೈಲು ಹೆಕ್ಕುವ ಫೋಟೋರೆಕ್ ಓಡಿಸಿದೆ. ಹೆಸರು, ಫೋಲ್ಡರು ಯಾವುದೂ ಇಲ್ಲದ ರಾಶಿ ಸಿಕ್ಕಿತು. ಕೆಲವು ತೆರೆದುಕೊಂಡವು, ಕೆಲವು ಅರ್ಧಕ್ಕೇ ನಿಂತವು.

ಹೆಚ್ಚಿನ ಫೋಲ್ಡರುಗಳನ್ನು ಒಳಗೆ ಇಣುಕಿ ಗುರುತಿಸಿ ಹಳೆಯ ಹೆಸರು ಕೊಟ್ಟೆ. #131073 ಮಾತ್ರ ಇನ್ನೂ ಹಾಗೇ ಇದೆ. ಅದನ್ನು ಏನೆಂದು ಕರೆಯುತ್ತಿದ್ದೆನೋ ನೆನಪಾಗುತ್ತಿಲ್ಲ.